ಸಾಕು ಅಂದ ಮೇಲಿನ ರೊಟ್ಟಿ

ನಾನು ಕಚೇರಿಯಲ್ಲಿ ಆದೇಶಗಳನ್ನು ಟೈಪು ಮಾಡುವವನು. ‘ಗರಿಷ್ಠ ಮಿತಿಯನ್ನು ಮೀರತಕ್ಕದ್ದಲ್ಲ’ ಎಂದು ಬೆರಳುಗಳು ತಾವಾಗಿಯೇ ಬಡಿಯುತ್ತವೆ. ಆದರೆ ನಮ್ಮ ಹಗರಿಬೊಮ್ಮನಹಳ್ಳಿಯ ಮನೆಗಳಲ್ಲಿ ಗರಿಷ್ಠ ಮಿತಿಗೆ ಇರುವ ಮಾತು ಒಂದೇ: ಸಾಕು. ನಿಘಂಟಿನಲ್ಲಿ ಅದರ ಅರ್ಥ ಏನೇ ಇರಲಿ, ಉಣ್ಣುವಾಗ ಅದನ್ನು ಯಾರೂ ನಂಬುವುದಿಲ್ಲ. ಮೊದಲ ಸಾಕು ಬರೀ ಮರ್ಯಾದೆಗೆ. ಎರಡನೆಯದಕ್ಕೆ ಬಡಿಸುವವರು ‘ಏನ್ ಉಂಡ್ರಿ ಅಂತ ಸಾಕಂತೀರಿ?’ ಎಂದು ಗದರಿ ಇನ್ನೊಂದು ರೊಟ್ಟಿ ಹಾಕಬೇಕು. ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದು ಮುಂದೆ ಬಾಗಿದಾಗ ಮಾತ್ರ ಅದು ನಿಜವಾದ ಸಾಕು. ಮೂವತ್ತು ವರ್ಷ ಹೆಂಡತಿಯ ಕೈಯಲ್ಲಿ ಹೀಗೇ ಉಂಡು, ನನ್ನ ಹೊಟ್ಟೆಯ ಜವಾಬ್ದಾರಿಯನ್ನು ಅವಳಿಗೇ ಬಿಟ್ಟಿದ್ದೆ.

ಮೊನ್ನೆ ಸೊಸೆ ಮೊದಲ ಸಲ ಒಬ್ಬಳೇ ಅಡುಗೆ ಮಾಡಿದಳು. ಹರಪನಹಳ್ಳಿ ಕಡೆಯ ಹುಡುಗಿ, ಮದುವೆಯಾಗಿ ಬಂದು ಇನ್ನೂ ವಾರ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಪುಡಿ. ಮೊದಲ ರೊಟ್ಟಿ ಹೋದದ್ದೇ ತಿಳಿಯಲಿಲ್ಲ. ಎರಡನೆಯದನ್ನು ತಂದಾಗ ರೂಢಿಯಂತೆ ‘ಸಾಕವ್ವ’ ಎಂದೆ. ‘ಆಯ್ತು ಮಾವ’ ಎಂದವಳೇ ರೊಟ್ಟಿಬುಟ್ಟಿಯನ್ನು ಒಳಗೆ ಒಯ್ದಳು.

ತಟ್ಟೆಯಲ್ಲಿ ಎಣ್ಣೆಗಾಯಿ ಹಾಗೇ ಇತ್ತು. ಸಾಕೆಂದ ಬಾಯಲ್ಲೇ ಬೇಕು ಅನ್ನುವುದು ಹೇಗೆ? ಮಾವನೆಂಬ ಗತ್ತು ಬೇರೆ. ಕೆಮ್ಮಿದೆ, ನೀರು ತಂದಿಟ್ಟಳು. ತಟ್ಟೆ ಕುಟ್ಟಿ ಸದ್ದು ಮಾಡಿದೆ. ಕೈತೊಳೆಯಲು ಚೊಂಬು ತಂದಳು. ಹೆಂಡತಿಯ ಕಡೆ ದೀನನಾಗಿ ನೋಡಿದರೆ ಅವಳು ಸೆರಗಿನೊಳಗೆ ನಗುತ್ತ ಗೋಡೆ ನೋಡತೊಡಗಿದಳು. ಸಿಟ್ಟು ಬಂತು. ಕೈ ತೊಳೆದು ಎದ್ದುಬಿಟ್ಟೆ.

ಸ್ವಲ್ಪ ಹೊತ್ತಿಗೆ ಹೆಂಡತಿ ಹೊರಗೆ ಬಂದಳು. ಮುಖದಲ್ಲಿ ನಗುವಿರಲಿಲ್ಲ. ‘ಹುಡುಗಿ ಒಲಿ ಮುಂದ ಕುಂತು ಅಳಾಕತ್ತೈತಿ. ಒಂದೇ ರೊಟ್ಟಿಗೆ ಎದ್ರಲ್ರಿ, ಅಡಿಗಿ ಸೇರಲಿಲ್ಲ ಅಂತ ತಿಳ್ಕಂಡೈತಿ. ಅವರವ್ವಗ ಫೋನ್ ಹಚ್ಚಾಕ ಹೊಂಟಿತ್ತು, ನಾನಾ ತಡದೀನಿ.’

ಹಸಿವು ಎಲ್ಲಿ ಹೋಯಿತೋ. ವಾರದ ಸೊಸೆಯನ್ನು ಅಳಿಸಿದ ಮಾವ ಎಂಬ ಸುದ್ದಿ ಬೀಗರ ಮನೆ ಮುಟ್ಟಿದರೆ ನಾನು ಯಾವ ಮುಖ ಹೊತ್ತು ಹರಪನಹಳ್ಳಿಗೆ ಹೋಗಲಿ? ಅದಕ್ಕಿಂತ, ಆ ಕೂಸು ಇನ್ನು ನನ್ನ ಮುಂದೆ ತಟ್ಟೆ ಇಡಲು ಹೆದರುತ್ತದಲ್ಲ ಎಂದು ಸಂಕಟವಾಯಿತು. ಗತ್ತು ಬಿಟ್ಟು ಅಡುಗೆಮನೆಗೆ ಹೋದೆ.

‘ಅವ್ವಾ, ನನಗ ಇನ್ನೂ ಹಸಿವೈತಿ. ರೊಟ್ಟಿ ಅದಾವೇನು?’

ಅವಳು ಕಣ್ಣೊರೆಸಿಕೊಂಡಳು. ‘ಸಾಕು ಅಂದಿದ್ರಲ್ಲ ಮಾವ?’

‘ಅದು ಸುಮ್ನ ಅಂತೀವವ್ವ.’

‘ನಮ್ಮ ಮನ್ಯಾಗೆ ಸಾಕು ಅಂದ್ರೆ ಸಾಕು ಅಷ್ಟೆ. ಸುಮ್ ಸುಮ್ನೆ ಯಾಕಂತೀರಿ?’

‘ಇನ್ನು ನೀ ಬಡಿಸಿದ್ದಕ್ಕ ನಾ ಸಾಕು ಅನ್ನಂಗಿಲ್ಲ’ ಎಂದು ಮಾತು ಕೊಟ್ಟೆ. ಅವಳು ನಕ್ಕಳು. ನನಗೂ ಹೋದ ಜೀವ ಬಂದಂತಾಯಿತು.

ರೊಟ್ಟಿ ಬಂತು. ಇನ್ನೊಂದು ಬಂತು. ಅದರ ಮೇಲೆ ಬೆಣ್ಣೆ, ಅದರ ಬೆನ್ನಿಗೆ ಮತ್ತೊಂದು. ಉಸಿರಾಡಲು ಜಾಗವಿಲ್ಲದಾದಾಗ ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದು ಮುಂದೆ ಬಾಗಿದೆ.

‘ಕೈ ತೆಗೀರಿ ಮಾವ, ನೀವು ಸಾಕು ಅಂದಿಲ್ಲ’ ಎಂದಳು ಸೊಸೆ.

ಕೈ ತೆಗೆದೆ.