ನಾಲ್ಕು ಮೂಲೆಯ ಚಾರ್ಜು

ಭೌತಶಾಸ್ತ್ರ ಹೇಳಿಕೊಡುವವನನ್ನು ತಮಾಷೆ ಪ್ರಸಂಗಗಳು ಹುಡುಕಿಕೊಂಡೇ ಬರುತ್ತವೆ. ನಗು ಬರುವುದಕ್ಕೆ ಮಾತ್ರ ಹತ್ತಿಪ್ಪತ್ತು ವರ್ಷ ಬೇಕು. ಅರವತ್ತರ ದಶಕದಲ್ಲಿ ನಾನು ಮಧುಗಿರಿಯಲ್ಲಿ ಪಿಯುಸಿಗೆ ಪಾಠ ಮಾಡುತ್ತಿದ್ದೆ. ಪಾವಗಡದ ಕಡೆಯವನೊಬ್ಬ ಎರಡು ಸಲ ಫೇಲಾಗಿ, ಮೂರನೇ ಸಲಕ್ಕೆ ಕಟ್ಟಿ, ಸಂಜೆ ನಮ್ಮನೆ ಜಗಲಿಗೆ ಬರುತ್ತಿದ್ದ. ಇದೆಲ್ಲ ಅವನದೇ ಕಥೆ.

೧. ಹುಣಸೆ ಬೀಜ

ಒಂದು ಜಾಗದ ವಿದ್ಯುತ್ ಕ್ಷೇತ್ರ ತಿಳಿಯಬೇಕಾದರೆ ಅಲ್ಲೊಂದು ಯೂನಿಟ್ ಪಾಸಿಟಿವ್ ಚಾರ್ಜು ಇದೆ ಅಂದುಕೊಂಡು, ಅದರ ಮೇಲೆ ಬೀಳುವ ಬಲ ಲೆಕ್ಕ ಹಾಕಬೇಕು. ಇಟ್ಟೋರು ಯಾರು ಅಂದ. ಯಾರೂ ಇಟ್ಟಿಲ್ಲ ಕಣಯ್ಯ, ಸುಮ್ನೆ ಅಂದ್ಕೋ ಅಂದೆ. ಇಲ್ಲದ್ದರ ಮೇಲೆ ಬಲ ಹೆಂಗೆ ಬೀಳುತ್ತೆ ಅಂದ. ಒಂದು ವಾರ ಇದೇ ಆಯಿತು. ಕೊನೆಗೆ ರೇಗಿಹೋಗಿ ಒಂದು ಹುಣಸೆ ಬೀಜ ತಂದು ಚಿತ್ರದ ಮೇಲೆ ಕುಕ್ಕಿದೆ. ಆವತ್ತಿನಿಂದ ಲೆಕ್ಕ ಸರಿಯಾಗಿ ಬರತೊಡಗಿತು. ಆದರೆ ಬೀಜ ಇಡದೆ ಪೆನ್ಸಿಲ್ ಮುಟ್ಟುತ್ತಿರಲಿಲ್ಲ ಮಹಾರಾಯ, ಜೇಬಿನಲ್ಲಿ ಇನ್ನೂ ನಾಲ್ಕು ಇಟ್ಟುಕೊಂಡಿರುತ್ತಿದ್ದ.

೨. ಒಂದು ಗೇಣು

ಅವನ ಸೋದರಮಾವ ಮಗಳನ್ನು ಇವನಿಗೇ ಕೊಡುವುದೆಂದು ಮಾತಾಗಿತ್ತು, ಪಾಸಾದರೆ. ಆ ಹುಡುಗಿಯೆಂದರೆ ಇವನಿಗೆ ಜೀವ. ಒಂದು ಭಾನುವಾರ ಮಾವ ಪಾವಗಡದ ಬಸ್ಸಿಳಿದು ನೇರ ಜಗಲಿಗೆ ಬಂದರು. ಇವನೋ, ಲೆಕ್ಕದಲ್ಲಿ ಕೊಟ್ಟ ಅಳತೆಗೇ ಚಿತ್ರ ಬರೆಯುವವನು. ಹಾಳೆಯ ಮೇಲಿನ ಎರಡು ಚುಕ್ಕೆ ತೋರಿಸಿ, ನಡುವೆ ಎಷ್ಟು ದೂರ ಅಂತ ಮಾವ ಕೇಳಿದರು. ಇಪ್ಪತ್ತು ಸೆಂಟಿಮೀಟರು ಅಂದೆ. ಅವರು ಗೇಣು ಹಾಕಿ ಅಳೆದರು.

“ಏಮಿ ಸಾರ್, ಮೂರು ವರ್ಷದಿಂದ ನಮ್ಮ ಅಳಿಯ ಈ ಒಂದ್ ಗೇಣು ದಾಟಿಲ್ವಾ?”

ಈ ಸಲವೂ ಫೇಲಾದರೆ ಹುಡುಗಿಯನ್ನು ಹಿಂದೂಪುರದ ಸಂಬಂಧಕ್ಕೆ ಕೊಡುತ್ತೇನೆ ಅಂತ ಹೇಳಿ, ಕಾಫಿಯನ್ನೂ ಕುಡಿಯದೆ ಎದ್ದು ಹೋದರು.

೩. ನಡುಮಧ್ಯ

ಪರೀಕ್ಷೆಯಲ್ಲಿ ಬಂದ ಲೆಕ್ಕ ಇದು: ಚೌಕದ ನಾಲ್ಕು ಮೂಲೆಯಲ್ಲೂ ಸಮನಾದ ಪಾಸಿಟಿವ್ ಚಾರ್ಜು, ನಡುಮಧ್ಯದಲ್ಲಿಟ್ಟ ಚಾರ್ಜಿನ ಮೇಲೆ ಬಲವೆಷ್ಟು? ಎದುರುಬದುರು ಮೂಲೆಗಳು ಸಮಸಮ ತಳ್ಳುತ್ತವೆ, ಉತ್ತರ ಸೊನ್ನೆ. ಕಣ್ಣುಮುಚ್ಚಿ ಬರೆಯಬಹುದು. ನಾನು ನೆಮ್ಮದಿಯಾಗಿದ್ದೆ.

ಫಲಿತಾಂಶ ಬಂತು, ನಾಲ್ಕು ಮಾರ್ಕು ಕಮ್ಮಿಯಾಗಿ ಫೇಲು. ಹಿಂದೂಪುರದ ಲಗ್ನವೂ ನಿಶ್ಚಯವಾಯಿತು.

ಅವನು ಬಂದು ಜಗಲಿಯಲ್ಲಿ ಕೂತ. ಆ ಲೆಕ್ಕ ಏನು ಮಾಡಿದೆ ಅಂದೆ. ಮೂರು ಸಲ ಮಾಡಿದನಂತೆ, ಮೂರು ಸಲವೂ ಸೊನ್ನೆಯೇ ಬಂತಂತೆ. ಮೂರನ್ನೂ ಹೊಡೆದುಹಾಕಿ, ಕೊನೆಗೆ ದಿಕ್ಕು ನೋಡದೆ ನಾಲ್ಕು ಬಲವನ್ನೂ ಕೂಡಿ ಬರೆದು ಬಂದನಂತೆ. ಯಾಕೋ ಹೊಡೆದುಹಾಕಿದೆ ಮುಂಡೇದೇ ಅಂತ ಕೂಗಿಯೇಬಿಟ್ಟೆ.

“ಸೊನ್ನೆ ಬಂದ್ರೆ ಎಲ್ಲೋ ತಪ್ಪು ಮಾಡಿದ್ದೀಯ ಅಂತ ನೀವೇ ಹೇಳ್ಕೊಟ್ಟಿದ್ರಲ್ಲ ಸಾರ್.”

ಹೇಳಿದ್ದೆ. ಲೆಕ್ಕ ಮಾಡದೆ ಸೊನ್ನೆ ಬರೆದು ಜಾರಿಕೊಳ್ಳುವ ಸೋಮಾರಿಗಳಿಗೆ ದಿನಾ ಹೇಳುತ್ತಿದ್ದ ಮಾತು ಅದು. ನನ್ನ ಬಾಯಿಗಿಷ್ಟು ಮಣ್ಣು ಹಾಕ. ತಪ್ಪು ನನ್ನದು ಕಣಯ್ಯ, ಅಲ್ಲಿ ಸೊನ್ನೆಯೇ ಸರಿ ಅಂತ ಹೇಗೋ ಒಪ್ಪಿಕೊಂಡೆ. ಹೇಳುವಾಗ ಕಣ್ಣಲ್ಲಿ ನೀರು ಬಂತು.

ಅವನು ನಂಬಲಿಲ್ಲ. ಹುಡುಗಿಯನ್ನು ಕಳಕೊಂಡವನು, ನನಗೇ ಸಮಾಧಾನ ಹೇಳಿದ.

“ನೀವು ಬೇಜಾರ್ ಮಾಡ್ಕಬ್ಯಾಡಿ ಸಾರ್. ಆ ಪ್ರಶ್ನೆ ತೆಗೆದೋರ್ಗೆ ನಿಮ್ಮಂಥ ಮೇಷ್ಟ್ರು ಸಿಕ್ಕಿರ್ಲಿಲ್ಲ, ಅಷ್ಟೇ.”