ಬಾಯಲ್ಲಿ ಮೊಳೆ, ಸೋಫಾದಲ್ಲಿ ಮೊಲ

"ಈ ಮನೇಲಿ ಒಂದೋ ಮೊಲ ಇರಬೇಕು, ಇಲ್ಲಾ ನಾನಿರಬೇಕು! ಯಾರು ಬೇಕು ಅಂತ ಈಗಲೇ ಹೇಳಿಬಿಡಿ!" ಎಂದು ಸೋಫಾ ಮೇಷ್ಟ್ರು ಗುಡುಗಿದರು.

ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಯೋಚನೆ ಮಾಡೋಕೆ ಸ್ವಲ್ಪ ಟೈಮ್ ಕೊಡ್ರೀ," ಎಂದಳು.

ಮೇಷ್ಟ್ರು ಎಂದರೆ ಪಾಠ ಹೇಳುವ ಮೇಷ್ಟ್ರಲ್ಲ. ಮುರುಕು ಸೋಫಾದ ಹೊಟ್ಟೆ ಬಗೆದು, ಸ್ಪ್ರಿಂಗು ಬಿಗಿದು, ಹೊಸ ಬಟ್ಟೆ ತೊಡಿಸಿ ಮದುಮಗನಂತೆ ನಿಲ್ಲಿಸುವ ಕಸುಬುದಾರರು. ಬಾಡಿಗೆ ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಹೆಂಡತಿ ಕವರು ಹೊಲಿಯುತ್ತಾಳೆ, ಇವರು ಬಿಗಿಯುತ್ತಾರೆ. "ನಾನು ಹೊಡೆದ ಮೊಳೆ ಕೀಳೋಕೆ ಇನ್ನೊಬ್ಬ ಹುಟ್ಟಿಬರಬೇಕು! ನಾನು ಆಡಿದ ಮಾತೂ ಅಷ್ಟೇ!" ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿಕೊಳ್ಳುವುದು ಅವರ ವಾಡಿಕೆ. ಗಿರಾಕಿಗಳು ಮೊಳೆಯ ವಿಷಯ ನಂಬುತ್ತಿದ್ದರು. ಮಾತಿನ ವಿಷಯ ಬಂದಾಗ ಅವರ ಹೆಂಡತಿಯ ಮುಖ ನೋಡುತ್ತಿದ್ದರು.

ಮೊಲ ಬೇಕೆಂದು ಹಟ ಹಿಡಿದವಳು ಮಗಳು. ಒಬ್ಬಳೇ ಮಗಳು. ಶಾಲೆಯಿಂದ ಬಂದರೆ ಅಮ್ಮನ ಮಿಷನ್ನು ಟರ್ರೋ ಎನ್ನುತ್ತದೆ, ಅಪ್ಪನ ಸುತ್ತಿಗೆ ಟಕಟಕ ಎನ್ನುತ್ತದೆ, ಇವಳ ಮಾತು ಕೇಳಲು ಮನೆಯಲ್ಲಿ ಒಂದು ಕಿವಿಯೂ ಬಿಡುವಾಗಿರುವುದಿಲ್ಲ. ಸೋದರಮಾವನ ಮನೆಯಲ್ಲಿ ಮೊಲ ಮರಿ ಹಾಕಿದೆ ಎಂದು ಕೇಳಿದ್ದೇ ತಡ, ಅಷ್ಟುದ್ದದ ಕಿವಿಗಳಿರುವ ಪ್ರಾಣಿಯೇ ತನಗೆ ತಕ್ಕ ಜೊತೆ ಎಂದು ಅವಳು ತೀರ್ಮಾನಿಸಿಬಿಟ್ಟಳು.

"ಮೊಲ ಅಂದ್ರೆ ಏನು ಗೊತ್ತಾ? ಹಲ್ಲು! ಮೇಲೆ ಸ್ವಲ್ಪ ಕೂದಲು, ಅಷ್ಟೇ!" ಎಂದು ಮೇಷ್ಟ್ರು ವಾದಿಸಿದರು. "ನನ್ನ ಕಸುಬಿನಲ್ಲಿ ಇರೋದೇನು? ಬಟ್ಟೆ, ಹತ್ತಿ, ಮರ. ಅದಕ್ಕೆ ಇದು ಮನೆಯಲ್ಲ, ಊಟದ ಹೋಟೆಲ್ಲು! ಅದೂ ಅಲ್ದೆ ನಾನು ಒಪ್ಪಿದ್ರೂ ಮೇಲಿನ ಹೆಡ್ಡಮ್ಮ ಒಪ್ಪಬೇಕಲ್ಲ?"

ಹೆಡ್ಡಮ್ಮ ಎಂದರೆ ಮನೆಯ ಒಡತಿ, ಮಹಡಿಯಲ್ಲಿದ್ದರು. ಶಾಲೆಯಲ್ಲಿ ಹೆಡ್ಮಿಸ್ಟ್ರೆಸ್ ಆಗಿ ನಿವೃತ್ತರಾದರೂ ದನಿ ಇನ್ನೂ ನಿವೃತ್ತವಾಗಿರಲಿಲ್ಲ. ಮೇಷ್ಟ್ರಿಗೆ ಯಾವುದಾದರೂ ಬೇಡವಾದರೆ ಅದು ಹೆಡ್ಡಮ್ಮನಿಗೂ ಬೇಡ ಎಂದುಬಿಡುವುದು ವಾಡಿಕೆ. ಪಾಪ, ಆಕೆಯನ್ನು ಯಾರೂ ಕೇಳಿ ನೋಡಿರಲಿಲ್ಲ.

ಇಷ್ಟೆಲ್ಲ ಗುಡುಗಿದ ಮೇಲೂ ಮೊಲಗಳು ಮನೆಯೊಳಗೆ ಬಂದದ್ದು ಹೇಗೆ? ಮೊಳೆಯ ಪ್ರಭಾವದಿಂದ!

ಮೇಷ್ಟ್ರದು ಹಳೇ ಕಾಲದ ಕೈ. ಕೆಲಸಕ್ಕೆ ಕೂತರೆ ಸಣ್ಣ ಮೊಳೆಗಳನ್ನು ಒಂದು ಹಿಡಿ ಬಾಯಲ್ಲಿ ತುಂಬಿಕೊಂಡು, ಒಂದೊಂದನ್ನೇ ತುಟಿಗೆ ತಂದು ಟಕ್ಕೆಂದು ಹೊಡೆಯುತ್ತಾರೆ. ಆ ಹೊತ್ತಿನಲ್ಲಿ ಸಿಟ್ಟು ಬಂದರೂ "ಹೂಂ", ನಗು ಬಂದರೂ "ಹೂಂ". ಬೇಡ ಎನ್ನಲು ಬಾಯಿ ತೆರೆಯಬೇಕು, ತೆರೆದರೆ ಮೊಳೆ ಹೊಟ್ಟೆಗೆ! ಈ ರಹಸ್ಯವನ್ನು ತಾಯಿ ಮಗಳು ಎಂದೋ ಅರಿತಿದ್ದರು. ಹೊಸ ಚಪ್ಪಲಿ, ಶಾಲೆಯ ಪ್ರವಾಸ, ಅತ್ತೆಯವರು ಬಂದು ತಿಂಗಳುಗಟ್ಟಲೆ ಠಿಕಾಣಿ ಹೂಡಿದ್ದು, ಎಲ್ಲಕ್ಕೂ ಒಪ್ಪಿಗೆ ಸಿಕ್ಕಿದ್ದು ಹೀಗೆಯೇ.

"ರೀ, ಎರಡು ಮರಿ ತಂದು ಭಾನುವಾರದವರೆಗೆ ಇಟ್ಕೊಂಡು ನೋಡೋಣ್ವಾ?" ಎಂದು ಹೆಂಡತಿ ಮೆಲ್ಲಗೆ ಕೇಳಿದಳು.

"ಹೂಂ!" ಎಂದು ಮೇಷ್ಟ್ರು ಕಣ್ಣು ಕೆಂಪಗೆ ಮಾಡಿದರು.

"ಅಪ್ಪ ಹೂಂ ಅಂದ್ರು! ಹೂಂ ಅಂದ್ರು!" ಮಗಳು ಕುಣಿಯುತ್ತ ಹೊರಗೋಡಿದಳು. ಬಾಯೊಳಗಿನ ಮೊಳೆಗಳನ್ನೆಲ್ಲ ಅಂಗೈಗೆ ಉಗಿದು "ಎಲಾ ಇವಳ!" ಎನ್ನುವಷ್ಟರಲ್ಲಿ ಅವಳು ಬೀದಿಯ ಕೊನೆ ಮುಟ್ಟಿದ್ದಳು.

ಸಂಜೆಗೆ ರಟ್ಟಿನ ಪೆಟ್ಟಿಗೆಯಲ್ಲಿ ಸವಾರಿ ಬಂತು. ಬಿಳಿಯದು ಬೆಣ್ಣೆ, ಕಪ್ಪನೆಯದು ಇದ್ದಿಲು. ಮೇಷ್ಟ್ರು ಸೊಂಟಕ್ಕೆ ಕೈಯಿಟ್ಟು ಘೋಷಿಸಿದರು: "ಆಯ್ತು, ಭಾನುವಾರದವರೆಗೆ ಪರೀಕ್ಷೆ. ಭಾನುವಾರ ಬೆಳಿಗ್ಗೆ ತೀರ್ಪು. ತೀರ್ಪು ಏನು ಅಂತ ಈಗಲೇ ಹೇಳ್ತೀನಿ ಕೇಳಿ, ವಾಪಸ್!"

ಮಗಳ ಮುಖ ಬಾಡಿತು. ಆದರೂ ಎರಡನ್ನೂ ಮಡಿಲಿಗೆ ಹಾಕಿಕೊಂಡು, ಆ ದಿನ ಶಾಲೆಯಲ್ಲಿ ಏನೇನಾಯಿತೆಂದು ಅವುಗಳ ಕಿವಿಯಲ್ಲಿ ಹೇಳತೊಡಗಿದಳು. ಅವೂ ಮೂಗು ಅಲ್ಲಾಡಿಸುತ್ತ ಕೇಳಿದವು.

ಪರೀಕ್ಷೆಯಲ್ಲಿ ಮೊಲಗಳು ಮೊದಲ ದಿನವೇ ಫೇಲಾದವು. ಬೆಣ್ಣೆ ಮೇಷ್ಟ್ರ ಎಡಗಾಲಿನ ಚಪ್ಪಲಿಯ ಪಟ್ಟಿ ತಿಂದಿತು. ಇದ್ದಿಲು ಅಳತೆ ಟೇಪಿನ ತುದಿಯನ್ನೇ ನುಂಗಿತು. ಅದು ತಿಳಿಯದೆ ಮೇಷ್ಟ್ರು ಅದೇ ಟೇಪಿನಲ್ಲಿ ಅಳೆದು ಕತ್ತರಿಸಿದ ದಿಂಬಿನ ಬಟ್ಟೆ ದಿಂಬಿಗೆ ಏರಲೇ ಇಲ್ಲ.

"ನೋಡಿದ್ಯಾ ನಿನ್ನ ಮೊಲದ ಯೋಗ್ಯತೆ?"

"ಟೇಪು ಒಂದರಿಂದ ಶುರುವಾಗುತ್ತಾ ಐದರಿಂದ ಶುರುವಾಗುತ್ತಾ ಅಂತ ನೋಡದೇ ಇರೋರ ಯೋಗ್ಯತೇನೂ ನೋಡಿದೆ," ಎಂದಳು ಹೆಂಡತಿ.

ಆದರೆ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಕೋಸಿನ ಎಲೆಗಳು ಮಾಯವಾಗಿರುವುದನ್ನು ಕಂಡು ಹೆಂಡತಿ ಹುಡುಕುತ್ತ ಬಂದರೆ, ಮುಂದಿನ ಕೋಣೆಯಲ್ಲಿ ಮೇಷ್ಟ್ರು ನೆಲದ ಮೇಲೆ ಬೋರಲು ಮಲಗಿದ್ದರು! "ತಿನ್ನೋ ನನ್ನ ರಾಜಾ, ಅಮ್ಮಾವ್ರು ಏಳೋದ್ರೊಳಗೆ ತಿಂದುಬಿಡು," ಎಂದು ಇದ್ದಿಲನ್ನು ಓಲೈಸುತ್ತಿದ್ದರು. ಹೆಂಡತಿ ಕೆಮ್ಮಿದಳು. ಮೇಷ್ಟ್ರು ಧಡಕ್ಕನೆ ಎದ್ದು, "ಹಲ್ಲು ಎಷ್ಟು ಚೂಪು ಅಂತ ಪರೀಕ್ಷೆ ಮಾಡ್ತಿದ್ದೆ," ಎಂದರು.

"ಭಾನುವಾರ ವಾಪಸ್ ತಾನೆ?"

"ಅನುಮಾನವೇ ಬೇಡ! ನನ್ನ ಮಾತು ಅಂದ್ರೆ ಮೊಳೆ!"

ಶನಿವಾರ ಹೆಡ್ಡಮ್ಮನವರ ಸೋಫಾ ಮುಗಿಸಿಕೊಡಬೇಕಿತ್ತು. ಮೇಷ್ಟ್ರು ಜೀವ ತೇದು ಮಾಡಿದ ಸೋಫಾ ಅದು. ಕೊನೆಯ ಕೆಲಸವೆಂದರೆ, ಸೋಫಾವನ್ನು ಬೆನ್ನಿನ ಮೇಲೆ ಮಲಗಿಸಿ, ಬಾಯಿ ತೆರೆದಂತಿರುವ ತಳಕ್ಕೆ ಕರೀ ಬಟ್ಟೆ ಹೊದಿಸಿ ಸುತ್ತ ಮೊಳೆ ಹೊಡೆಯುವುದು. ಬಾಯಿ ತುಂಬ ಮೊಳೆ ತುಂಬಿಕೊಂಡು ಟಕಟಕ ಶುರು ಮಾಡಿದರು. ಇನ್ನೊಂದು ಮೂಲೆ ಮಾತ್ರ ಬಾಕಿ ಇದ್ದಾಗ ಮಗಳು ಬಾಗಿಲಲ್ಲಿ ಇಣುಕಿ, "ಅಪ್ಪಾ, ಇದ್ದಿಲು ಇಲ್ಲೇ ಇದಾನಾ?" ಎಂದು ಕೇಳಿದಳು.

"ಹೂಂ," ಎಂದರು ಮೇಷ್ಟ್ರು. ತಿರುಗಿ ಕೂಡ ನೋಡಲಿಲ್ಲ. ಮಗಳು ನಿಶ್ಚಿಂತೆಯಿಂದ ಹೋದಳು. ಕೊನೆಯ ಮೂಲೆಗೂ ಮೊಳೆ ಬಿತ್ತು.

ಗಂಡ ಹೆಂಡತಿ ಸೇರಿ ಸೋಫಾ ಹೊತ್ತು ಮೆಟ್ಟಿಲು ಹತ್ತಿದರು. "ಏನ್ರೀ ಇದು, ಭಾರ ಒಂದೊಂದ್ಸಲ ನನ್ನ ಕಡೆ ಬರುತ್ತೆ, ಒಂದೊಂದ್ಸಲ ನಿಮ್ಮ ಕಡೆ ಹೋಗುತ್ತೆ?"

"ಅದೇ ಕಣೇ ಕಸುಬು ಅಂದ್ರೆ! ನಿನಗೆಲ್ಲಿ ಅರ್ಥವಾಗುತ್ತೆ!"

ಹೆಡ್ಡಮ್ಮ ಕನ್ನಡಕ ಏರಿಸಿಕೊಂಡು ಸೋಫಾವನ್ನು ಸುತ್ತಿ ನೋಡಿ, ಗಂಭೀರವಾಗಿ ಆಸೀನರಾದರು. ಒಳಗಿನಿಂದ "ಧಪ್!" ಎಂದಿತು.

"ಏನದು?"

"ಸ್ಪ್ರಿಂಗು ಅಮ್ಮ. ಹೊಸದಲ್ವಾ, ಮೈಮುರೀತಾ ಇದೆ."

"ಧಪ್! ಧಪ್!"

"ಈಗ?"

"ನೀವು ಕೂತಿದ್ದು ಅದಕ್ಕೆ ಖುಷಿಯಾಗಿದೆ ಅಮ್ಮ!"

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಕರಕರ ಕರಕರ ಎಂದು ಕಡಿಯುವ ಸದ್ದು. ಹೆಡ್ಡಮ್ಮ ನಿಧಾನವಾಗಿ ಎದ್ದು ನಿಂತರು. "ಮೇಷ್ಟ್ರೇ, ನಾನು ಬಹಳ ವರ್ಷ ಮಕ್ಕಳ ಸುಳ್ಳು ಕೇಳಿದವಳು. ಸ್ಪ್ರಿಂಗು ತಿನ್ನಲ್ಲ."

ಆಗ ಮಗಳು ಅಳುತ್ತ ಮೆಟ್ಟಿಲು ಹತ್ತಿ ಬಂದಳು. "ಅಪ್ಪಾ, ಇದ್ದಿಲು ಎಲ್ಲೂ ಇಲ್ಲ! ಇಲ್ಲೇ ಇದಾನೆ ಅಂತ ನೀನೇ ಹೂಂ ಅಂದ್ಯಲ್ಲ!"

ಮೇಷ್ಟ್ರಿಗೆ ಎಲ್ಲ ಹೊಳೆಯಿತು. ಒಳಗೆ ಕತ್ತಲೆ. ಸುತ್ತ ಸ್ಪ್ರಿಂಗು. ಮೇಲೆ ಇಷ್ಟು ಹೊತ್ತೂ ಹೆಡ್ಡಮ್ಮ! "ಅಯ್ಯೋ ನನ್ನ ಕಂದಾ!" ಎಂದು ಕೂಗಿ, ಆ ಅಮೂಲ್ಯ ಸೋಫಾವನ್ನು ಒಂದೇ ಏಟಿಗೆ ಮಗುಚಿ, ಉಗುರು, ಹಲ್ಲು, ಸೊಂಟದಲ್ಲಿದ್ದ ಕತ್ತರಿ, ಸಿಕ್ಕಿದ್ದರಲ್ಲೆಲ್ಲ ಬಟ್ಟೆ ಹರಿದರು. ಇನ್ನೊಬ್ಬ ಹುಟ್ಟಿಬಂದು ಕೀಳಬೇಕಾಗಿದ್ದ ಮೊಳೆಗಳು ಪಟಪಟನೆ ಕೋಣೆಯ ತುಂಬ ಉದುರಿದವು. ಒಳಗಿನಿಂದ ಇದ್ದಿಲು ಹೊರಬಂತು. ಮೀಸೆಗೆ ಹತ್ತಿ ಮೆತ್ತಿಕೊಂಡು, ಬಾಯಲ್ಲಿ ಬಟ್ಟೆಯ ತುಂಡು ಕಚ್ಚಿಕೊಂಡು, ಏನೂ ಆಗಿಲ್ಲವೆಂಬಂತೆ ಬಂತು. ಮೇಷ್ಟ್ರು ಅದನ್ನು ಎದೆಗವಚಿಕೊಂಡು, "ನೋವಾಯ್ತೇನೋ ರಾಜಾ? ಹೆದರಿದ್ಯೇನೋ?" ಎನ್ನುತ್ತ ಅಲ್ಲೇ ನೆಲಕ್ಕೆ ಕುಸಿದು ಕೂತರು. ಕಣ್ಣಲ್ಲಿ ನೀರು ಬಂದಿತ್ತು. ತಾಯಿ ಮಗಳು ಪರಸ್ಪರ ಮುಖ ನೋಡಿಕೊಂಡರು.

ಹೆಡ್ಡಮ್ಮ ಗಂಟಲು ಸರಿಮಾಡಿಕೊಂಡರು. ಮೇಷ್ಟ್ರು, "ಅಮ್ಮ, ನಿಮಗೆ ಪ್ರಾಣಿ ಅಂದ್ರೆ ಆಗಲ್ಲ ಅಂತ ಗೊತ್ತು..." ಎಂದು ತೊದಲಿದರು.

"ಯಾರು ಹೇಳಿದ್ದು?"

ಮೇಷ್ಟ್ರು ಇದ್ದಿಲಿನ ಮೀಸೆಯ ಹತ್ತಿ ಬಿಡಿಸತೊಡಗಿದರು.

"ಅಪ್ಪ ಹೇಳಿದ್ದು," ಎಂದಳು ಮಗಳು.

"ನನಗೆ ಆಗದೇ ಇರೋದು ಬೆಳಗಾಗೋದ್ರೊಳಗೆ ಶುರುವಾಗೋ ಸುತ್ತಿಗೆ ಸದ್ದು. ಇಷ್ಟು ವರ್ಷ ಸಹಿಸಿಕೊಂಡಿದೀನಿ. ಮೊಲಕ್ಕೆ ದನಿಯೇ ಇಲ್ಲ, ಅದರ ಮೇಲೆ ನನಗೇನು ಕೋಪ?" ಎಂದು ಹೆಡ್ಡಮ್ಮ ಬಾಗಿ ಇದ್ದಿಲಿನ ಕಿವಿ ನೇವರಿಸಿದರು. "ಸೋಫಾ ರಿಪೇರಿ ಮಾಡಿಕೊಡಿ. ಈ ಸಲ ಒಳಗೆ ಯಾರೂ ಇಲ್ಲ ಅಂತ ನೋಡಿಕೊಂಡು ಕೊಡಿ."

ಭಾನುವಾರ ಬೆಳಗಾಯಿತು. ತೀರ್ಪಿನ ದಿನ! ಮಗಳು ಎರಡು ಮೊಲಗಳನ್ನೂ ರಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿ, ಹೊಸ್ತಿಲ ಮೇಲೆ ಕೂತಿದ್ದಳು. ಅಪ್ಪನ ಮಾತೆಂದರೆ ಮೊಳೆ, ಅವಳಿಗೆ ಗೊತ್ತಿತ್ತು. ಇತ್ತ ಮೇಷ್ಟ್ರನ್ನು ಹೆಡ್ಡಮ್ಮನ ನೆಪವೂ ಕೈಬಿಟ್ಟಿತ್ತು. ಮೇಷ್ಟ್ರು ಮುಂದಿನ ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮುಂದಿನ ಕೋಣೆಗೆ ಓಡಾಡಿದರು. ಬೇಡ ಎನ್ನಲು ಮನಸ್ಸು ಬಾರದು, ಬೇಕು ಎನ್ನಲು ಮೀಸೆ ಬಿಡದು. ಬಾಯಿ ತೆರೆದರು, ಮುಚ್ಚಿದರು. ಕೊನೆಗೆ ಡಬ್ಬಿಯಿಂದ ಒಂದು ಹಿಡಿ ಮೊಳೆ ತೆಗೆದು ಬಾಯಲ್ಲಿ ತುಂಬಿಕೊಂಡು, ಮಗಳ ಎದುರಿಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತರು.

ಹೆಂಡತಿ ಅಡುಗೆಮನೆಯಿಂದ ಇಣುಕಿದಳು. "ಇದೇನ್ರೀ? ಸೋಫಾ ಇಲ್ಲ, ಸುತ್ತಿಗೆ ಇಲ್ಲ, ಬರೀ ಮೊಳೆ ಯಾಕೆ ಬಾಯಲ್ಲಿ?"

ಮೇಷ್ಟ್ರು ಮಗಳ ಕಡೆ ನೋಡಿ ಹುಬ್ಬು ಹಾರಿಸಿದರು. ಕೇಳು, ಬೇಗ ಕೇಳು ಎಂದು ಕೈಸನ್ನೆ ಮಾಡಿದರು.

ಮಗಳ ಮುಖ ನಿಧಾನವಾಗಿ ಅರಳಿತು. "ಅಪ್ಪಾ... ಇದ್ದಿಲು, ಬೆಣ್ಣೆ ಇಬ್ಬರನ್ನೂ ಇಲ್ಲೇ ಇಟ್ಕೊಳ್ಳೋಣ್ವಾ?"

"ಹೂಂ!" ಎಂದರು ಮೇಷ್ಟ್ರು.

"ಯಾವಾಗ್ಲೂ?"

"ಹೂಂ, ಹೂಂ!"

ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಬಂದಳು. "ಹಾಗೇ ಇರಿ, ಮೊಳೆ ತೆಗೀಬೇಡಿ. ನಮ್ಮಮ್ಮ ಈ ಸಲ ಎರಡು ತಿಂಗಳು ಇದ್ದು ಹೋಗ್ತೀನಿ ಅಂತಿದಾಳೆ, ಆಗಬಹುದಾ?"