ಹಿರೇವಡ್ಡಟ್ಟಿಯ ಬೆಣ್ಣೆಯವರ ಪಕ್ಷಪಾತದ ಕುರಿತು

ಮಾನ್ಯರೂ, ಮೃದು ಸ್ವಭಾವದವರೂ, ನಮ್ಮ ಅಡುಗೆಮನೆಯ ಗಡಿಗೆಯಲ್ಲಿ ತಣ್ಣೀರಿನ ಮೇಲೆ ತೇಲುತ್ತ ವಿಶ್ರಾಂತಿಯಲ್ಲಿರುವವರೂ ಆದ ಬೆಣ್ಣೆಯವರ ಸನ್ನಿಧಾನಕ್ಕೆ,

ಮುಂಡರಗಿ ಪೇಟೆಯ ಹಿಂದಿನ ಓಣಿಯಲ್ಲಿರುವ ಗದಿಗೆವ್ವ ಎರಡೂ ಕೈ ಜೋಡಿಸಿ, ಆ ಕೈಗಳಿಗೆ ಮೈದಾ ಹಿಟ್ಟು ಮೆತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳಿ, ಮಾಡಿಕೊಳ್ಳುವ ಅರಿಕೆ. ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮದ ಬಗ್ಗೆ ಮಾತ್ರ ನನಗೆ ಸದಾ ಚಿಂತೆ, ಏಕೆಂದರೆ ಈ ಏಪ್ರಿಲ್ ಬಿಸಿಲಿಗೆ ತಾವು ಬೆಳಗಿನ ಚಹಾದ ಹೊತ್ತಿಗೇ ಕೈಕಾಲು ಚಾಚಿ ಮಲಗಿಬಿಡುತ್ತೀರಿ.

ನಮ್ಮ ಓಣಿಯ ಸ್ವಸಹಾಯ ಸಂಘದ ಅರ್ಜಿಗಳನ್ನೆಲ್ಲ ನಾನೇ ಬರೆಯುವುದು. ನನ್ನನ್ನು ಶಾಲೆ ಬಿಡಿಸುವ ಹೊತ್ತಿಗೆ ಪುಸ್ತಕದಲ್ಲಿ ಅರ್ಜಿಯ ಪಾಠ ನಡೆದಿತ್ತು. ಅದರ ಮುಂದಿನ ಪಾಠದಲ್ಲಿ ಏನಿತ್ತೋ ಇಂದಿಗೂ ತಿಳಿಯದು, ಹಾಗಾಗಿ ಮನಸ್ಸಿನಲ್ಲಿದ್ದುದನ್ನೆಲ್ಲ ಅರ್ಜಿಯಾಗಿಯೇ ಬರೆಯುತ್ತೇನೆ. ಯಾರ ಮೇಲೆ ದೂರಿದೆಯೋ ಅವರನ್ನು ಮೊದಲು ಹೊಗಳಬೇಕು ಎಂದು ಆ ಪಾಠದಲ್ಲಿ ಇರಲಿಲ್ಲ, ಅದನ್ನು ಅನುಭವದಿಂದ ಕಲಿತೆ.

ತಮ್ಮ ಗುಣಗಳನ್ನು ಎಷ್ಟು ಹೇಳಿದರೂ ಸಾಲದು. ಕಟಕ ರೊಟ್ಟಿಯ ಮೇಲೆ ತಾವು ಬಂದು ಕುಳಿತರೆ ಬರೀ ಕೆಂಪು ಖಾರವೂ ಹಬ್ಬದ ಊಟವಾಗುತ್ತದೆ. ಮೇಲಾಗಿ ತಾವು ಹುಟ್ಟಿದ್ದು ಹಿರೇವಡ್ಡಟ್ಟಿಯಲ್ಲಿ, ನನ್ನ ತವರುಮನೆಯ ಎಮ್ಮೆಯ ಹಾಲಿನಲ್ಲಿ. ನಾನು ಹುಟ್ಟಿದ್ದೂ ಅದೇ ಮನೆಯಲ್ಲಿ. ನಮ್ಮಣ್ಣ ತಮ್ಮನ್ನು ಗಡಿಗೆಯಲ್ಲಿ ಕೂರಿಸಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟನ್ನೇ ಹಿಡಿದು ಕರೆತರುತ್ತಾನೆ; ಮದುವೆ ಮಾಡಿ ನನ್ನನ್ನು ಕಳಿಸಿದಾಗಲೂ ಅವನು ಇಷ್ಟು ಜೋಪಾನ ಮಾಡಿರಲಿಲ್ಲ. ಇಂಥ ತವರಿನವರೇ ಕೈಬಿಟ್ಟರೆ ಹೆಣ್ಣುಮಗಳು ಯಾರ ಬಳಿ ಹೋಗಿ ಹೇಳಿಕೊಳ್ಳಬೇಕು ಎಂಬುದೇ ಈ ಅರ್ಜಿಯ ಮುಖ್ಯ ವಿಷಯ.

ತಮಗೆ ತಿಳಿದಿರುವಂತೆ ನನ್ನ ಸೊಸೆ ಅಂಕಿತಾ ಈಗ ಐದು ತಿಂಗಳ ಬಸುರಿ. ಲಕ್ಷ್ಮೇಶ್ವರದಿಂದ ನಮ್ಮ ಮನೆಗೆ ಬಂದ ದಿನದಿಂದ ಆ ಹುಡುಗಿ ಇದು ಬೇಕು ಎಂದು ಬಾಯಿಬಿಟ್ಟು ಕೇಳಿದವಳಲ್ಲ. ಸೀರೆ ಆರಿಸಿಕೋ ಎಂದರೂ "ನೀವ ಆರಿಸ್ರಿ ಅತ್ತಿ" ಅನ್ನುವವಳು. ಬಸುರಾದ ಮೇಲೆ ಉಂಡದ್ದು ಹೊಟ್ಟೆಯಲ್ಲಿ ನಿಲ್ಲದೆ ಕುತ್ತಿಗೆಯ ಎಲುಬು ಕಾಣುವಂತಾದಳು, ದವಾಖಾನೆಯ ನರ್ಸಬಾಯಿ ತೂಕದ ಮುಳ್ಳು ನೋಡಿ ಪ್ರತಿ ಸಲವೂ ತುಟಿ ಬಿಗಿದಳು, ನನಗಂತೂ ಆ ಬಿಗಿದ ತುಟಿ ಕನಸಿನಲ್ಲಿಯೂ ಕಾಣತೊಡಗಿತು. ಹೀಗಿರುವಾಗ ಒಂದು ದಿನ ಅವಳು ತಾನಾಗಿ ನನ್ನ ಹತ್ತಿರ ಬಂದು, ತಲೆ ತಗ್ಗಿಸಿ, "ಅತ್ತಿ, ಹಣ್ಣಿನ ಪಫ್ ತಿನಬೇಕು ಅನಸ್ತೈತ್ರಿ, ಹೊರಗ ಪದರ ಪದರ, ಒಳಗ ಹುಳಿಸೀ ಹಣ್ಣು" ಎಂದಳು. ಸೊಸೆ ಮೊದಲ ಸಲ ಏನನ್ನೋ ಕೇಳಿದಳು ಎಂಬ ಸಂತೋಷದಲ್ಲಿ ನಾನು ಹೂಂ ಅಂದುಬಿಟ್ಟೆ. ಆ ಹೂಂ ಇಂದಿಗೂ ನನ್ನ ಗಂಟಲಲ್ಲಿದೆ.

ಮಗ ವೀರು ಅಂದೇ ಮೋಟರ್‌ಸೈಕಲ್ ಹತ್ತಿ ಗದಗದಿಂದ ಒಂದು ಪೊಟ್ಟಣ ತಂದ. ಅದರ ಡಾಲ್ಡಾ ವಾಸನೆಗೆ ಅಂಕಿತಾ ಬಚ್ಚಲಿಗೆ ಓಡಿದಳು. ಓಣಿಯ ಹಿರಿಯಳು ದೇವವ್ವ ಇದನ್ನು ನೋಡಿ, "ಬಸುರಿ ಬಯಸಿದ್ದು ಸಿಗಲಿಲ್ಲಂದ್ರ ಕೂಸಿನ ಕಿವಿ ಸೋರ್ತಾವ ನೋಡ ಗದಿಗೆವ್ವ, ಆಮ್ಯಾಲ ನನ್ನ ಕಡೆ ಅಳಕೋತ ಬರಬ್ಯಾಡ" ಎಂದು ಆಶೀರ್ವಾದ ಮಾಡಿ ಹೋದಳು. ನರ್ಸಬಾಯಿಯನ್ನು ಕೇಳಿದರೆ "ಅದೆಲ್ಲಾ ಸುಳ್ಳ ಬೇ" ಎಂದು ನಕ್ಕಳು. ಸುಳ್ಳೇ ಇರಬಹುದು. ಆದರೆ ಖರೆ ಇದ್ದರೆ? ಇನ್ನೂ ಹುಟ್ಟದ ಕೂಸಿನ ಎರಡು ಕಿವಿಗಳ ಜವಾಬ್ದಾರಿ ನನ್ನ ಲಟ್ಟಣಿಗೆಯ ಮೇಲೆ ಬಂದು ಬಿದ್ದಿತು, ಮತ್ತು ಲಟ್ಟಣಿಗೆಯ ಕೆಳಗೆ ತಾವಿದ್ದಿರಿ.

ಅಂಕಿತಾ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ಯಾವುದೋ ಥಂಡಿ ದೇಶದ ಹೆಣ್ಣುಮಗಳು ತಮ್ಮನ್ನು ಪಾಟಿಯಂತೆ ಚೌಕಾಗಿ ತಟ್ಟಿ, ಹಿಟ್ಟಿನ ಹಾಳೆಯೊಳಗೆ ಮಲಗಿಸಿ, ಮಡಚಿ, ಲಟ್ಟಿಸಿ, ಮತ್ತೆ ಮಡಚಿ, ಹಿಟ್ಟಿನ ಪದರು ಬೇರೆ, ತಮ್ಮ ಪದರು ಬೇರೆ ಉಳಿಯುವಂತೆ ನೋಡಿಕೊಳ್ಳುತ್ತಿದ್ದಳು. ಅವಳ ಮನೆಯಲ್ಲಿ ತಾವು ಮೊದಲ ಬೆಂಚಿನ ಹುಡುಗನಂತೆ ನಾಲ್ಕೂ ಮೂಲೆ ನೆಟ್ಟಗೆ ಮಾಡಿಕೊಂಡು ಕುಳಿತಿದ್ದಿರಿ. ಅದನ್ನು ನೋಡಿ ನನಗೆ ಹೆಮ್ಮೆಯಾಯಿತು. ನಮ್ಮ ಬೆಣ್ಣೆಯವರದೂ ಅದೇ ಜಾತಿ ಅಲ್ಲವೇ, ನಮ್ಮಲ್ಲಿಯೂ ಹೀಗೇ ನಡೆದುಕೊಳ್ಳುತ್ತಾರೆ ಎಂದುಕೊಂಡೆ.

ತಾವು ನಮ್ಮಲ್ಲಿ ನಡೆದುಕೊಂಡ ರೀತಿಯೇ ಬೇರೆ. ಮೊದಲ ಸಲ ಲಟ್ಟಣಿಗೆ ಮುಟ್ಟಿಸಿದ ಕೂಡಲೇ ತಾವು ಮೂರು ಮೂಲೆಯಿಂದ ಹೊರಬಂದು ಕಡಪಾ ಕಲ್ಲಿನ ಕಟ್ಟೆಯಿಂದ ಇಳಿದು ಬಚ್ಚಲಿನ ಕಡೆಗೆ ಹೊರಟಿರಿ, ಬೆಕ್ಕು ತಮ್ಮನ್ನು ಬಾಗಿಲಿನಲ್ಲಿ ಎದುರುಗೊಂಡಿತು. ಉಳಿದದ್ದನ್ನು ಬಳಿದು, ಮರಳು ಹಾಕಿದ ಕುಕ್ಕರಿನಲ್ಲಿ ಸೀಟಿ ತೆಗೆದು ಬೇಯಿಸಿದರೆ, ತಾವು ಕರಗಿ ಹೊರಬಂದು, ತಮ್ಮನ್ನು ನಂಬಿದ ಹಿಟ್ಟನ್ನು ತಮ್ಮಲ್ಲಿಯೇ ಕರಿದುಬಿಟ್ಟಿರಿ. ನಮ್ಮ ಯಜಮಾನರು ದ್ಯಾಮಪ್ಪನವರು ಕಿರಾಣಿ ಅಂಗಡಿಯಿಂದ ಬಂದವರು ಅದನ್ನು ಬೆರಳಿನಿಂದ ಎತ್ತಿ ನೋಡಿ, "ಇದು ಚಿರೋಟಿ ಆಗಾಕಂತ ಹೊಂಟು ನಡುದಾರಿಯೊಳಗ ಬಸ್ ಇಳದೈತಿ. ಸುಮ್ಮನ ಒಂದು ವೀಳ್ಯದೆಲಿ ಹಾಕಿ ತುಪ್ಪಾ ಕಾಸಿಬಿಡ, ಜಗಳಾ ತೀರತು" ಎಂದರು. ತುಪ್ಪಕ್ಕೆ ಘಮ ಬರಲೆಂದು ನಾವು ಹಾಕುವ ಆ ಎಲೆಯ ಹೆಸರನ್ನು ತಮ್ಮ ಮುಂದೆ ಎತ್ತಬಾರದೆಂದು ನಾನು ಅವರ ಮೇಲೆ ಸಿಟ್ಟಾದೆ. ಅಂದು ತಮ್ಮ ಪರ ವಹಿಸಿದವಳು ನಾನು, ನೆನಪಿರಲಿ.

ತಮಗೆ ಥಂಡಿ ಬೇಕೆಂದು ಫ್ರಿಜ್ಜಿನಲ್ಲಿ ಕೂರಿಸಿದೆ. ಆದರೆ ಓಣಿಯಲ್ಲಿ ಮೊದಲು ಫ್ರಿಜ್ಜು ತಂದವರು ನಾವಾದ್ದರಿಂದ ಅದು ಓಣಿಯ ಸಾಮಾನು. ಈಗ ಎಲ್ಲರ ಮನೆಯಲ್ಲಿಯೂ ಫ್ರಿಜ್ಜು ಬಂದಿದ್ದರೂ ಆ ರೂಢಿ ತಪ್ಪಿಲ್ಲ. ಒಬ್ಬರು ಮಲ್ಲಿಗೆ ಮಾಲೆ ಇಡಲು, ಒಬ್ಬರು ದೋಸೆ ಹಿಟ್ಟು ತೆಗೆಯಲು, ದೇವವ್ವ ಬರೀ ಬಾಗಿಲು ತೆರೆದು ತಂಪಿಗೆ ಮುಖ ಒಡ್ಡಲು, ಹೀಗೆ ದಿನವಿಡೀ ಬಂದರು. ನಡುವೆ ಕರೆಂಟೂ ಹೋಯಿತು. ಸಂಜೆ ತೆರೆದು ನೋಡಿದರೆ ತಾವು ಮಲ್ಲಿಗೆಯ ವಾಸನೆ ಹೊಡೆಯುತ್ತ, ಮದುವೆಗೆ ಹೊರಟವರಂತೆ ಹಿಟ್ಟಿನಿಂದ ಹೊರಬಂದು ನಿಂತಿದ್ದಿರಿ.

ಇತ್ತ ಹಣ್ಣಿನ ಚಿಂತೆ ಬೇರೆ. ಪಪ್ಪಾಯಿ ಬಸುರಿಗೆ ಆಗದು, ಅನಾನಸ್ ಕೇಳುವುದೇ ಬೇಡ, ಮಾವು ಉಷ್ಣ ಎಂದು ಒಬ್ಬರು, ಬಾಳೆ ಶೀತ ಎಂದು ಇನ್ನೊಬ್ಬರು. ಕೊನೆಗೆ ಧೈರ್ಯ ಮಾಡಿ ಮಾವನ್ನೇ ಹಿಡಿದು, ಅರ್ಧ ಕಾಯಿ ಅರ್ಧ ಹಣ್ಣು ಬೆಲ್ಲದಲ್ಲಿ ಬೇಯಿಸಿ, ಉಷ್ಣವನ್ನು ನನ್ನ ಮನಸ್ಸಿನಿಂದ ತೆಗೆಯಲು ಏಲಕ್ಕಿಯನ್ನೂ, ಅಜೀರ್ಣದ ಹೆದರಿಕೆಗೆ ಒಣಶುಂಠಿಯನ್ನೂ ಹಾಕಿದೆ. ಅಂಕಿತಾ ಅಷ್ಟು ಹೊತ್ತು ಬಾಗಿಲಲ್ಲಿ ನಿಂತು, "ಇರಲಿ ಬಿಡ್ರಿ ಅತ್ತಿ, ನನಗೀಗ ಅಷ್ಟೇನ ಅನಸೂದಿಲ್ಲ" ಎಂದಳು. ಬಯಕೆಯನ್ನು ನುಂಗಿಕೊಳ್ಳುವ ಆ ಮಾತು ಕೇಳಿ ನನಗೆ ಕೂಸಿನ ಕಿವಿಗಳು ಕಣ್ಣಿಗೆ ಕಟ್ಟಿದವು.

ಮೂರನೆಯ ಸಲ ನಾನು ತಮಗೆ ಮಾಡಿದ ಸೇವೆಯನ್ನು ಯಾವ ದೇವರಿಗೂ ಮಾಡಿಲ್ಲ. ನಸುಕಿನಲ್ಲಿ ಎದ್ದು, ತಮ್ಮನ್ನು ಬಟ್ಟೆಯಲ್ಲಿ ಹಿಂಡಿ ನೀರು ತೆಗೆದು, ಚಿರೋಟಿಗೆ ಮಾಡುವಂತೆ ಒಂದು ಹಿಡಿ ಅಕ್ಕಿಹಿಟ್ಟು ಕೂಡಿಸಿ, ಮೆಲ್ಲಗೆ ಮಡಚಿದೆ. ಫ್ರಿಜ್ಜನ್ನು ನಂಬದೆ, ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗಕ್ಕೆ, ಅಂದರೆ ಕುಡಿಯುವ ನೀರಿನ ಹರವಿಯ ಬುಡದ ಒದ್ದೆ ಮರಳಿಗೆ, ತಮ್ಮನ್ನು ಒಯ್ದೆ. ಇರುವೆ ಹೋಗದಂಥ ಬಿಗಿ ಮುಚ್ಚಳದ ಡಬ್ಬಿ ನಮ್ಮಲ್ಲಿ ಇರಲಿಲ್ಲ. ಎದುರು ಮನೆಯ ದಾವಲಬಿ ಹಬ್ಬಕ್ಕೆ ಶಾವಿಗೆಯ ಸುರಕುಂಬಾ ತುಂಬಿ ಕಳಿಸಿದ್ದ ಎರಡು ಖಾನೆಯ ಸ್ಟೀಲ್ ಡಬ್ಬಿ ಇತ್ತು. ಕೆಳಗಿನ ಖಾನೆಯಲ್ಲಿ ತಮ್ಮನ್ನೂ ಹಿಟ್ಟನ್ನೂ, ಮೇಲಿನದರಲ್ಲಿ ಮಾವನ್ನೂ ಇಟ್ಟು ಮರಳಿನಲ್ಲಿ ಅರ್ಧ ಹೂತೆ. ಅಷ್ಟು ಸಲ ಮಡಚಿ ಲಟ್ಟಿಸಿದರೂ ಮೊದಲ ಬಾರಿಗೆ ತಾವು ಒಂದು ಹನಿಯೂ ಹೊರಬಂದಿರಲಿಲ್ಲ. ಅದನ್ನು ನೋಡಿ ನನ್ನ ಕಣ್ಣು ತುಂಬಿದವು, ನಾನು ನಿಶ್ಚಿಂತೆಯಿಂದ ತಲೆಗೆ ಎಣ್ಣೆ ತಿಕ್ಕಿಕೊಂಡು ನಿಧಾನವಾಗಿ ಜಳಕಕ್ಕೆ ಹೋದೆ.

ತಿರುಗಿ ಬಂದು ನೋಡಿದರೆ ಮರಳಿನಲ್ಲಿ ಡಬ್ಬಿಯ ಗುಂಡನೆಯ ಗುರುತು ಮಾತ್ರ ಉಳಿದಿತ್ತು. ಯಜಮಾನರು ನೀರು ಕುಡಿಯಲು ಬಂದವರು ದಾವಲಬಿಯ ಡಬ್ಬಿಯನ್ನು ಕಂಡು ಕೊಟ್ಟು ಬಂದಿದ್ದರು. "ಒಳಗ ಏನೈತಿ ಅಂತ ನೋಡಿದ್ರಿಲ್ಲೋ?" ಎಂದು ನಾನು ಕೇಳಿದರೆ, "ನೋಡೀನಿ, ಎರಡೂ ಖಾನಿ ತುಂಬಿದ್ದೂವು. ಮಂದಿ ಡಬ್ಬಿ ಖಾಲಿ ಕಳಿಸಬಾರದು ಅನ್ನೂದು ನನಗೂ ತಿಳಿತೈತಿ. ನೀ ತುಂಬಿಸಿಟ್ಟು ಮರತೀದಿ ಅಂತ ನಾನ ಕೊಟ್ಟುಬಂದೆ" ಎಂದು, ಒಂದು ಒಳ್ಳೆಯ ಕೆಲಸ ಮಾಡಿದವರ ಮುಖ ಮಾಡಿಕೊಂಡು ನಿಂತರು. ಖಾಲಿ ಇದ್ದಿದ್ದರೆ ಆ ಮನುಷ್ಯ ಮುಟ್ಟುತ್ತಲೇ ಇರಲಿಲ್ಲ.

ಒದ್ದೆ ಕೂದಲಲ್ಲಿ ಓಡಿದೆ. ದಾವಲಬಿಯ ಅಂಗಳದಲ್ಲಿ ಒಲೆಯ ಮೇಲೆ ಹಂಚು, ಹಂಚಿನ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಜಳಕದ ಒಲೆಯಿಂದ ಎತ್ತಿ ತಂದ ಕೆಂಡ. "ಬಾರಕ್ಕಾ," ಎಂದಳು ಅವಳು, "ಹಿಟ್ಟು ಕಳಿಸೀದಿ, ಹಣ್ಣು ಕಳಿಸೀದಿ, ಏನ ಮಾಡಬೇಕಂತ ಹೇಳಿ ಕಳಿಸಿಲ್ಲ. ಉಂಡಿ ಕಟ್ಟಿ ನಾದಾಕ ನನಗ ಬ್ಯಾಸರಾತು, ಚಾಕುಲೆ ಕತ್ತರಿಸಿ ಹಣ್ಣು ತುಂಬಿ ಇಟ್ಟುಬಿಟ್ಟೆ. ಕೆಳಗ ಸುಡಾಕತ್ತಿತ್ತು, ಮ್ಯಾಲ ಹಸೀ ಇತ್ತು, ಅದಕ್ಕ ಕೆಂಡಾ ಹಾಕೀನಿ." ಎರಡನೆಯ ಸರದಿಯ ಮುಚ್ಚಳ ಎತ್ತಿದಳು. ಮಾನ್ಯರೇ, ತಾವು ಅಲ್ಲಿ ಪದರು ಪದರಾಗಿ ಎದ್ದು ನಿಂತಿದ್ದಿರಿ, ಆ ಥಂಡಿ ದೇಶದ ಹೆಣ್ಣುಮಗಳೂ ನಾಚುವಂತೆ.

ಕಟ್ಟೆಯ ಮೇಲೆ ಅಂಕಿತಾ ತಟ್ಟೆ ಹಿಡಿದು ಕುಳಿತಿದ್ದಳು. ವಾಸನೆಗೆ ಓಡಿಹೋಗುತ್ತಿದ್ದ ಹುಡುಗಿ ವಾಸನೆ ಹಿಡಿದು ತಾನಾಗಿ ಬಂದಿದ್ದಳು, ಗಲ್ಲಕ್ಕೆ ಮಾವು ಹತ್ತಿತ್ತು, ಸೆರಗಿನ ತುಂಬ ಪದರಿನ ಚೂರು. ನಾನು ಬಾಯಿ ತೆರೆಯುವ ಮೊದಲೇ, "ಅತ್ತಿ, ಇದು ನಿಮ್ಮ ಕೈಯಿಂದು ಅಲ್ಲೇನ್ರಿ? ಒಣಶುಂಠಿ ಹಾಕಾಕಿ ನೀವ ಒಬ್ಬಾಕಿ. ಇನ್ನೊಂದು ತಿನ್ಲೇನ್ರಿ?" ಎಂದು ಕೇಳಿದಳು. ಇನ್ನೊಂದು ಎಂಬ ಆ ಮಾತನ್ನು ಅವಳು ಮನೆಗೆ ಬಂದ ಎರಡು ವರ್ಷದಲ್ಲಿ ಅವಳ ಬಾಯಿಂದ ನಾನು ಕೇಳಿರಲಿಲ್ಲ. ತಿಂದಳು. ಸಂಜೆಯವರೆಗೆ ನಾನು ಬಚ್ಚಲಿನ ಬಾಗಿಲು ಕಾದೆ. ಆ ಕಡೆ ಅವಳು ಸುಳಿಯಲೇ ಇಲ್ಲ.

ಇಷ್ಟಾದ ಮೇಲೆ ದೂರು ಏನು ಎಂದು ತಾವು ಕೇಳಬಹುದು. ದೂರು ಇದೇ: ನಮ್ಮ ಮನೆಯಲ್ಲಿ ಕರಗಿದ ತಾವು ಎದುರು ಮನೆಯಲ್ಲಿ ನೆಟ್ಟಗಾದಿರಿ. ಈಗ ಓಣಿಯೆಲ್ಲ ಅದನ್ನು "ದಾವಲಬಿ ಪಫ್" ಎನ್ನುತ್ತದೆ. ಆದ್ದರಿಂದ ತಾವು ದಯಮಾಡಿ ಸಂಘದ ಮುಂದಿನ ಸಭೆಗೆ ಹಾಜರಾಗಿ, ತಮ್ಮನ್ನು ಮಡಚಿದ ಕೈ ಯಾರದು ಎಂದು ಎಲ್ಲರೆದುರು ಹೇಳಿಕೆ ಕೊಡಬೇಕು, ಮತ್ತು ಹೇಳಿಕೆ ಮುಗಿಯುವವರೆಗಾದರೂ ಕರಗಬಾರದು. ಇನ್ನೊಂದು ಚಿಂತೆ: ಬಯಕೆ ಬೇರೆ ಮನೆಯ ಒಲೆಯಲ್ಲಿ ತೀರಿದರೆ ಕಿವಿಗೆ ಅದು ಸಲ್ಲುತ್ತದೆಯೇ? ದೇವವ್ವನನ್ನು ಕೇಳಿದರೆ, "ಒಲಿ ಯಾರದಾದ್ರೇನ, ಹೊಟ್ಟಿ ನಿಮ್ಮ ಸೊಸೀದ ಅಲ್ಲೇನ" ಎಂದಳು. ಆದರೂ ಮಡಚಿದ್ದು ನಾನು, ಬೇಯಿಸಿದ್ದು ಅವಳು ಆಗಿರುವುದರಿಂದ, ಒಂದು ಕಿವಿ ನನ್ನ ಪಾಲಿಗೆ, ಇನ್ನೊಂದು ದಾವಲಬಿಯ ಪಾಲಿಗೆ ಎಂದು ಬರೆದುಕೊಳ್ಳಬೇಕಾಗಿ ಕೋರುತ್ತೇನೆ. ಅವಳಿಗೆ ಎಡಗಿವಿ ಆದರೂ ನಡೆಯುತ್ತದೆ, ಒಳ್ಳೆಯ ಹೆಣ್ಣುಮಗಳು.

ಎಷ್ಟು ಒಳ್ಳೆಯವಳೆಂದರೆ, ನಿನ್ನೆ ಅದೇ ಡಬ್ಬಿಯಲ್ಲಿ ನನಗೆಂದು ಒಂದು ಪಫ್ ಎತ್ತಿಟ್ಟು ಕಳಿಸಿದಳು. ಎಲ್ಲರೂ ತಿಂದಿದ್ದರು, ಮಾಡಿದ ನಾನೇ ರುಚಿ ನೋಡಿರಲಿಲ್ಲ. ನಿಂತಲ್ಲೇ ತಿಂದೆ. ಚಲೋ ಇತ್ತು, ಅದೇ ದುಃಖ. ಈಗ ಡಬ್ಬಿ ತೊಳೆದು ಒರೆಸಿ ನನ್ನ ಮುಂದಿದೆ. ಖಾಲಿ ಕಳಿಸುವಂತಿಲ್ಲ. ಸಕ್ಕರೆ ಹಾಕಿ ಕಳಿಸೋಣವೆಂದರೆ ಅಂಕಿತಾ ಬಾಗಿಲಲ್ಲಿ ನಿಂತು, "ಅತ್ತಿ, ಈ ಸಲ ಜರಾ ಜಾಸ್ತಿ ಮಾಡ್ರಿ" ಎಂದಳು. ಜಾಸ್ತಿ ಎಂದು ಕೇಳಿದಳು, ಮಾನ್ಯರೇ. ಬರುವ ಭಾನುವಾರ ನಸುಕಿಗೆ ತಾವು ಮತ್ತೆ ನನ್ನ ಲಟ್ಟಣಿಗೆಯ ಕೆಳಗೆ ಬರಬೇಕು, ತವರಿನ ಮಾನ ಕಾಯಬೇಕು, ಸಾಧ್ಯವಾದರೆ ಸೂರ್ಯನಾರಾಯಣನಿಗೂ ಒಂದು ಮಾತು ಹೇಳಿ ಅಂದು ತಡವಾಗಿ ಏಳುವಂತೆ ಮಾಡಬೇಕು ಎಂದು ಸೆರಗೊಡ್ಡಿ ಬೇಡುವ,

ತಮ್ಮ ವಿಶ್ವಾಸಿ, ತಮ್ಮ ವಿಶ್ವಾಸಕ್ಕೆ ಕಾಯುತ್ತಿರುವ ತವರಿನ ಮಗಳು,
ಗದಿಗೆವ್ವ

ತಾ.ಕ.: ಡಬ್ಬಿಯನ್ನು ಈ ಸಲ ಯಜಮಾನರ ಕಣ್ಣಿಗೆ ಬೀಳದಂತೆ ಇಡುತ್ತೇನೆ. ತಾವೇನೂ ಹೆದರಬೇಕಾಗಿಲ್ಲ, ಒತ್ತಾಯವೂ ಇಲ್ಲ. ಕರಗಲೇಬೇಕು ಎಂದು ತಮ್ಮ ಮನಸ್ಸಿಗೆ ಬಂದರೆ ಸಂತೋಷದಿಂದ ಕರಗಬಹುದು. ವೀಳ್ಯದೆಲೆ ತರಿಸಿ, ತೊಳೆದು, ಒಲೆಯ ಪಕ್ಕದಲ್ಲೇ ಇಟ್ಟಿದ್ದೇನೆ.